ಜರ್ಮನ್ ತಾಟು, ಜಾವಾ ಎಂಜಿನ್, ಉಜ್ಜುವ ಕೈ

ಕಾಮೋಠೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಭಾನುವಾರ ಬೆಳಿಗ್ಗೆ ಬಕೆಟ್ ಪಕ್ಕಕ್ಕಿಟ್ಟುಕೊಂಡು ಮಣೆಯ ಮೇಲೆ ಕೂತಿರುವ ಮನುಷ್ಯ ನಾನೇ ಎಂದು ವಾಚ್‌ಮನ್‌ಗೂ ಗೊತ್ತು, ಹಾಲಿನವನಿಗೂ ಗೊತ್ತು. ಅಪ್ಪನ ಹಳೆಯ ಜಾವಾದ ಎಂಜಿನ್ ಕವರುಗಳನ್ನು ವರ್ಷಕ್ಕೆ ಎರಡು ಸಲ ಉಜ್ಜುತ್ತೇನೆ. ಮಳೆಗಾಲ ಮುಗಿದ ಮೇಲೆ ದಸರೆಗೆ ಮುಂಚೆ ಒಂದು ಸಲ, ಯುಗಾದಿಯ ಹೊತ್ತಿಗೆ ಇನ್ನೊಂದು ಸಲ. ಇಲ್ಲಿ ಖಾಡಿಯ ಉಪ್ಪುಗಾಳಿ. ಎರಡು ತಿಂಗಳು ಸುಮ್ಮನೆ ಬಿಟ್ಟರೆ ಅಲ್ಯೂಮಿನಿಯಂ ಮೇಲೆ ಬಿಳಿ ಬೂದಿಯಂಥ ಕಲೆ ಏಳುತ್ತದೆ.

ಕಳೆದ ವರ್ಷ ಎರಡನೇ ಮಹಡಿಯ ಹುಡುಗ ಬಂದು ಪಕ್ಕದಲ್ಲಿ ನಿಂತ. ಅವನ ಮನೆಯವರು ವಿಜಯಪುರದ ಕಡೆಯವರು, ಅವನು ಹುಟ್ಟಿದ್ದು ಪನವೇಲಿನಲ್ಲಿ. 1990ರ ದಶಕದ ಒಂದು ಜಪಾನೀ ಬೈಕನ್ನು ಎರಡು ವರ್ಷದ ಸಂಬಳ ಕೂಡಿಟ್ಟು ಕೊಂಡಿದ್ದ. ಅದರ ಫ್ರೇಮು ಅಲ್ಯೂಮಿನಿಯಂನದು. ಟ್ಯಾಂಕಿನ ಎರಡೂ ಪಕ್ಕದಲ್ಲಿ ಅಂಗೈ ಅಗಲದ ತೊಲೆಗಳು. ಮೇಲಿನ ವಾರ್ನಿಶ್ ಪದರ ಅಲ್ಲಲ್ಲಿ ಎದ್ದು, ಒಳಗೆ ಉಪ್ಪು ಹೊಕ್ಕು, ತೊನ್ನಿನ ಹಾಗೆ ಮಚ್ಚೆ ಬಿದ್ದಿತ್ತು. ಕೈಯಲ್ಲಿ ಡ್ರಿಲ್ ಮಷೀನು, ಅದಕ್ಕೆ ಸಿಕ್ಕಿಸುವ ಬಟ್ಟೆಯ ಚಕ್ರ, ಒಂದು ಕಟ್ಟು ಮೇಣ ಹಿಡಿದುಕೊಂಡು ಬಂದಿದ್ದ.

"ಕಾಕಾ, ಇದನ್ನ ಹಚ್ಚಿದ್ರ ಎರಡು ತಾಸಿನ್ಯಾಗ ಕನ್ನಡಿ ಆಗ್ತದಂತ. ಹೌದೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಕುರ್ಚಿಯ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತಿದರು. "ತಮ್ಮಾ, ಆ ಮಷೀನ ಒಳಗ ಇಡು. ಮೊದಲ ಒಂದು ಬಕೀಟ ನೀರ ತಗೊಂಡ ಬಾ."

ಅಪ್ಪನಿಗೆ 76 ವರ್ಷ. ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ 1970ರ ದಶಕದಲ್ಲಿ ಈ ಕಡೆಗೆ ಬಂದವರು ಹದಿನೆಂಟು ವರ್ಷ ಠಾಣೆ ಜಿಲ್ಲೆಯ ಒಂದು ಸಣ್ಣ ಗಾಳೆಯಲ್ಲಿ ಪಾತ್ರೆಗಳಿಗೆ ಬಫ್ ಹಿಡಿಯುವ ಕೆಲಸ ಮಾಡಿದರು. ಈಗ ಎರಡು ಮಹಡಿ ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅವರ ಆ ಒಂದು ಮಾತಿನ ಹಿಂದೆ ಏನಿದೆ ಎಂದು ಹೇಳಬೇಕಾದರೆ ಈ ಲೋಹದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಚಿನ್ನದ ಪಕ್ಕದಲ್ಲಿಟ್ಟ ಲೋಹ

ನಮ್ಮ ಅಜ್ಜಿ ಅಲ್ಯೂಮಿನಿಯಂ ಎಂಬ ಶಬ್ದವನ್ನು ಒಮ್ಮೆಯೂ ಆಡಿದವಳಲ್ಲ. ಅವಳಿಗೆ ಅದು 'ಜರ್ಮನ್'. ಜರ್ಮನ್ ತಾಟು, ಜರ್ಮನ್ ಡಬ್ಬಿ, ಜರ್ಮನ್ ಬೋಗುಣಿ. ಮರಾಠಿಯವರೂ ಹಾಗೇ ಅನ್ನುತ್ತಾರೆ, ಕೆಲವರ ಬಾಯಲ್ಲಿ ಅದು 'ಜರ್ಮಲ್' ಆಗುತ್ತದೆ. ಅವಳ ಮನೆಯಲ್ಲಿ ತಾಮ್ರ ಹಿತ್ತಾಳೆಗಳಿಗೆ ಒಂದು ಮರ್ಯಾದೆ, ಜರ್ಮನ್‌ಗೆ ಇನ್ನೊಂದು. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದದ್ದು ಹಿತ್ತಾಳೆಯನ್ನು. ಜರ್ಮನ್ ಪಾತ್ರೆ ಬಡವರ ಮನೆಯದು, ಕೂಲಿಗೆ ಹೋಗುವವರ ಬುತ್ತಿಯದು.

ಅವಳಿಗಿಂತ ನೂರು ವರ್ಷ ಹಿಂದೆ ಹುಟ್ಟಿದವರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. 1825ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಈ ಲೋಹವನ್ನು ಮೊದಲು ಬೇರ್ಪಡಿಸಿದ. 1854ರಲ್ಲಿ ಫ್ರಾನ್ಸಿನ ಡೆವಿಲ್ ಸ್ವಲ್ಪ ಹೆಚ್ಚು ಪ್ರಮಾಣದಲ್ಲಿ ತೆಗೆಯುವ ದಾರಿ ಕಂಡುಕೊಂಡ. ಮರುವರ್ಷ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಅಲ್ಯೂಮಿನಿಯಂ ಗಟ್ಟಿಗಳನ್ನು ಬೆಲೆಬಾಳುವ ವಸ್ತುಗಳ ಸಾಲಿನಲ್ಲಿ ಇಟ್ಟಿದ್ದರು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ್ದು ಅಲ್ಯೂಮಿನಿಯಂನ ಒಂದು ಪುಟ್ಟ ಪಿರಮಿಡ್. ತೂಕ ಮೂರು ಕಿಲೋಗಿಂತ ಕಡಿಮೆ. ಕೂರಿಸುವ ಮೊದಲು ಅದನ್ನು ನ್ಯೂಯಾರ್ಕಿನ ಒಡವೆ ಅಂಗಡಿಯಲ್ಲಿ ಜನ ನೋಡಲೆಂದು ಇಟ್ಟಿದ್ದರು.

ಮಣ್ಣಿನಲ್ಲಿ ಇಷ್ಟು ಧಾರಾಳವಾಗಿರುವ ಲೋಹ ಅಷ್ಟು ದುಬಾರಿಯಾಗಿದ್ದದ್ದು ಅದು ಆಮ್ಲಜನಕವನ್ನು ಬಿಡಲೊಲ್ಲದು ಎಂಬ ಒಂದೇ ಕಾರಣಕ್ಕೆ. ಕಬ್ಬಿಣದ ಅದಿರನ್ನು ಇದ್ದಿಲ ಜತೆ ಕಾಸಿದರೆ ಕಬ್ಬಿಣ ಬರುತ್ತದೆ. ಅಲ್ಯೂಮಿನಿಯಂ ಹಾಗೆ ಬರುವುದಿಲ್ಲ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರ ಪರಿಚಯವಿಲ್ಲದೆ, ಕರಗಿದ ಕ್ರಯೋಲೈಟಿನಲ್ಲಿ ಅಲ್ಯೂಮಿನಾ ಹಾಕಿ ವಿದ್ಯುತ್ ಹಾಯಿಸಿ ಲೋಹ ತೆಗೆದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಎರಡು ವರ್ಷದ ಮೇಲೆ ಬೇಯರ್ ಎಂಬಾತ ಬಾಕ್ಸೈಟ್ ಮಣ್ಣನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅಲ್ಯೂಮಿನಾ ಶುದ್ಧಿ ಮಾಡುವ ಕ್ರಮ ಕಂಡುಹಿಡಿದ. ಅಲ್ಲಿಗೆ ಒಡವೆ ಅಂಗಡಿಯ ಲೋಹ ಪಾತ್ರೆ ಅಂಗಡಿಗೆ ಬಂತು.

ನಮ್ಮ ದೇಶದ ಅಡುಗೆಮನೆಗೆ ಅದನ್ನು ತಂದವರಲ್ಲಿ ಮೊದಲು ನೆನೆಯಬೇಕಾದವರು ಆಲ್ಫ್ರೆಡ್ ಚಾಟರ್ಟನ್. ಮದರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಅವರು 1898ರಲ್ಲಿ ಅಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ವಿಭಾಗ ತೆರೆದರು. ತಾಮ್ರ ಹಿತ್ತಾಳೆ ಕೆಲಸ ಬಲ್ಲ ಕಂಚುಗಾರರ ಕೈಗೆ ಹೊಸ ಲೋಹದ ತಗಡು ಕೊಟ್ಟು ನೋಡಿದರು. ಕಲಾಯಿ ಹಾಕಿಸುವ ಖರ್ಚಿಲ್ಲ, ಹೊರಲು ಹಗುರ. ಕೆಲವೇ ವರ್ಷಗಳಲ್ಲಿ ಅದು ಲಾಭದ ಉದ್ಯಮವಾಗಿ ಖಾಸಗಿ ಕಂಪನಿಯ ಕೈಗೆ ಹೋಯಿತು. ಇದೇ ಚಾಟರ್ಟನ್ 1910ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು.

ಬೆಳಗಾವಿಯ ಮಣ್ಣು, ತಳೋಜೆಯ ತಗಡು

ಚಾಟರ್ಟನ್ ಬಳಸಿದ ತಗಡು ಹಡಗಿನಲ್ಲಿ ಬಂದದ್ದು. ಇಲ್ಲಿಯೇ ಲೋಹ ತೆಗೆಯಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1938ರಲ್ಲಿ ಹುಟ್ಟಿದ ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಜನರ ಬಾಯಲ್ಲಿ ಇಂಡಾಲ್, 1943ರಲ್ಲಿ ಕೇರಳದ ಆಲುವಾ ಹತ್ತಿರ ಲೋಹ ತೆಗೆಯಲು ಆರಂಭಿಸಿತು. ಆ ಜಾಗಕ್ಕೆ ಅಲುಪುರಂ ಎಂದೇ ಹೆಸರಾಯಿತು. 1970ರ ಸುಮಾರಿಗೆ ಅದೇ ಕಂಪನಿ ಬೆಳಗಾವಿಗೆ ಬಂತು. ಬರಲು ಕಾರಣ ಎರಡು. ಒಂದು, ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಘಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಇತ್ತು. ಎರಡು, ಶರಾವತಿಯ ವಿದ್ಯುತ್ ಇತ್ತು.

ವಿದ್ಯುತ್ತಿನ ಮಾತು ಸಣ್ಣದಲ್ಲ. ಈಗಿನ ಒಳ್ಳೆಯ ಕಾರ್ಖಾನೆಯಲ್ಲೂ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ಬೇಕು. ನಾಲ್ಕೈದು ಕಿಲೋ ಬಾಕ್ಸೈಟಿನಿಂದ ಎರಡು ಕಿಲೋ ಅಲ್ಯೂಮಿನಾ, ಅದರಿಂದ ಒಂದು ಕಿಲೋ ಲೋಹ. ಕರ್ನಾಟಕದಲ್ಲಿ ವಿದ್ಯುತ್ ಸಾಲದಾದಾಗ ಬೆಳಗಾವಿಯಲ್ಲಿ ಲೋಹ ತೆಗೆಯುವ ಕೆಲಸ ನಿಂತಿತು. ಅಲ್ಯೂಮಿನಾ ಮಾಡುವುದು ಇಂದಿಗೂ ನಡೆದಿದೆ. 2000ದಲ್ಲಿ ಇಂಡಾಲ್ ಹಿಂಡಾಲ್ಕೋ ಕೈಗೆ ಬಂತು.

ಕಾಮೋಠೆಯ ನನಗೆ ಈ ಕಥೆ ದೂರದ್ದಲ್ಲ. ನಮ್ಮ ಮನೆಯಿಂದ ಕೆಲವೇ ಕಿಲೋಮೀಟರಿನಲ್ಲಿ ತಳೋಜಾ ಎಂಐಡಿಸಿ ಇದೆ. ಅಲ್ಲಿ ಅದೇ ಕಂಪನಿಯ ಅಲ್ಯೂಮಿನಿಯಂ ತಗಡು ಸುತ್ತುವ ಕಾರ್ಖಾನೆ ಇದೆ. ಅಪ್ಪ ಮೊದಲ ಸಲ ಆ ಬೋರ್ಡು ಕಂಡು, "ನಮ್ಮೂರ ಕಂಪನಿ ನನಗಿಂತ ಮೊದಲ ಇಲ್ಲಿ ಬಂದದ" ಎಂದಿದ್ದರು. ಕಾಮೋಠೆ ಆಗ ಇನ್ನೂ ಊರಾಗಿರಲಿಲ್ಲ. ಸಿಡ್ಕೋ 1970ರಲ್ಲಿ ಹುಟ್ಟಿದ ಮೇಲೆ, ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳ, ಭತ್ತದ ಗದ್ದೆಗಳ, ಉಪ್ಪುನೀರಿನ ಖಾಡಿಗಳ ನಡುವೆ ಒಂದೊಂದೇ ಸೆಕ್ಟರ್ ಎದ್ದಿತು. 2016ರಲ್ಲಿ ಪನವೇಲ್ ಮಹಾನಗರಪಾಲಿಕೆ ಬಂದಾಗ ಕಾಮೋಠೆ ಅದಕ್ಕೆ ಸೇರಿತು. ಖಾಡಿ ಮಾತ್ರ ಎಲ್ಲೂ ಹೋಗಲಿಲ್ಲ. ಆ ಗಾಳಿಯಲ್ಲಿರುವ ಉಪ್ಪೇ ಹುಡುಗನ ಬೈಕಿಗೆ ಮಚ್ಚೆ ತಂದದ್ದು.

ಮೈಸೂರಿನ ಮೊಟ್ಟೆಯಾಕಾರ

ನಮ್ಮ ದೇಶದಲ್ಲಿ ಬೈಕಿನ ಅಲ್ಯೂಮಿನಿಯಂಗೆ ಮನೆಯಲ್ಲಿ ಪಾಲಿಶ್ ಮಾಡುವ ಚಟ ಹತ್ತಿದ್ದು ಫ್ರೇಮಿನಿಂದಲ್ಲ, ಎಂಜಿನ್ ಕವರಿನಿಂದ. ಬುಲೆಟ್, ರಾಜದೂತ್, ಜಾವಾ, ಆರ್‌ಎಕ್ಸ್ 100, ಇವೆಲ್ಲವುಗಳ ಫ್ರೇಮು ಉಕ್ಕಿನ ಕೊಳವೆಯದು. ಹೊಳೆಯುವುದು ಎಂಜಿನ್ನಿನ ಎರಡು ಮಗ್ಗುಲು.

ಜಾವಾದ ಮಗ್ಗುಲಂತೂ ಉಜ್ಜಲೆಂದೇ ಮಾಡಿದ ಹಾಗಿದೆ. ಜಾವಾ ಎಂಬುದು ಪ್ರಾಗಿನ ಯಾನೆಚೆಕ್ ಎಂಬುವನ ಹೆಸರು ಮತ್ತು ವಾಂಡರರ್ ಎಂಬ ಜರ್ಮನ್ ಬೈಕಿನ ಹೆಸರು ಕೂಡಿಸಿ 1929ರಲ್ಲಿ ಮಾಡಿದ ಶಬ್ದ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಆಡಳಿತದಡಿ ಇದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಹೊಸ ಬೈಕೊಂದನ್ನು ರೂಪಿಸಿದರು. ಯುದ್ಧ ಮುಗಿದು 1946ರಲ್ಲಿ ಹೊರಬಂದ ಆ 250 ಸಿಸಿ ಬೈಕಿನ ಎಂಜಿನ್ನು ಮೊಟ್ಟೆಯ ಆಕಾರದ ನುಣುಪು ಕವಚದೊಳಗಿತ್ತು. ಆ ಆಕಾರವೇ ಮುಂದೆ ಮೈಸೂರಿಗೆ ಬಂತು.

ಫಾರೂಖ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಬಾಗಿಸಿದರೆ ಗೇರ್ ಹಾಕುವ ಸನ್ನೆ. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಜಾವಾ ಹೆಸರು ಬೇರೆ ಕಂಪನಿಯಿಂದ, ಬೇರೆ ಎಂಜಿನ್ನಿನೊಂದಿಗೆ ಮರಳಿ ಬಂದದ್ದು ಮುಂಬಯಿಯಲ್ಲೇ.

ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂದರೂ ಅದರ ಬೈಕುಗಳು ಓಡುತ್ತಿರುವುದು ಮೆಕ್ಯಾನಿಕ್‌ಗಳಿಂದ ಮತ್ತು ಮನೆಯಲ್ಲಿ ಕೂತು ಉಜ್ಜುವವರಿಂದ. ಹೊಸ ಕವರ್ ಅಂಗಡಿಯಲ್ಲಿ ಸಿಗುವುದಿಲ್ಲ. ಇದ್ದದ್ದನ್ನೇ ಉಳಿಸಿಕೊಳ್ಳಬೇಕು. ಹೀಗಾಗಿ ಜಾವಾ ಇಟ್ಟುಕೊಂಡವರು ಕಲಿಯುವ ಮೊದಲ ಪಾಠ ಹೊಳಪು ತರುವುದಲ್ಲ, ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು.

ಫ್ರೇಮು ಯಾಕೆ ಅಗಲವಾಯಿತು

ಹುಡುಗನ ಬೈಕಿನ ಫ್ರೇಮು ಬೇರೆ ವಂಶದ್ದು. ರೇಸಿನ ಬೈಕುಗಳಲ್ಲಿ ಅಲ್ಯೂಮಿನಿಯಂ ಫ್ರೇಮು 1980ರ ಆರಂಭದಲ್ಲಿ ನೆಲೆಯೂರಿತು. ರಸ್ತೆಯ ಬೈಕಿಗೆ ಅದನ್ನು ದೊಡ್ಡ ಸಂಖ್ಯೆಯಲ್ಲಿ ಮೊದಲು ಹಾಕಿದ್ದು 1983ರ ಸುಜುಕಿ ಆರ್‌ಜಿ 250 ಗ್ಯಾಮಾ ಎಂದು ಎಣಿಕೆ. 1985ರಲ್ಲಿ ಸುಜುಕಿಯ ಜಿಎಸ್‌ಎಕ್ಸ್-ಆರ್ 750 ಮತ್ತು ಯಮಹಾದ ಟಿಜೆಡ್‌ಆರ್ 250 ಬಂದವು. ಯಮಹಾ ತನ್ನ ಫ್ರೇಮಿಗೆ ಡೆಲ್ಟಾಬಾಕ್ಸ್ ಎಂದು ಹೆಸರಿಟ್ಟಿತು. ಆ ಹೆಸರು ನಮ್ಮ ದೇಶದಲ್ಲಿ ಮನೆಮಾತಾದದ್ದು 2008ರ ಆರ್15ನಿಂದ, ಆದರೆ ಆ ಡೆಲ್ಟಾಬಾಕ್ಸ್ ಉಕ್ಕಿನದು. 2004ರಲ್ಲಿ ಧೂಮ್ ಸಿನಿಮಾ ನೋಡಿ ನವಿ ಮುಂಬಯಿಯ ಹುಡುಗರು ಹುಚ್ಚಾದ ಸುಜುಕಿ ಹಯಬುಸಾದ ಫ್ರೇಮು ಮಾತ್ರ ನಿಜವಾದ ಅಲ್ಯೂಮಿನಿಯಂ.

ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಬಾಗದೆ ನಿಲ್ಲುವ ಬಿಗಿತವೂ ಉಕ್ಕಿನ ಮೂರನೇ ಒಂದು ಭಾಗವೇ. ಅಂದರೆ ಉಕ್ಕಿನ ಕೊಳವೆಯ ಅಳತೆಯಲ್ಲೇ ಅಲ್ಯೂಮಿನಿಯಂ ಕೊಳವೆ ಹಾಕಿದರೆ ಬೈಕು ತಿರುವಿನಲ್ಲಿ ಸೊಟ್ಟಗಾಗುತ್ತದೆ. ಅದಕ್ಕೆ ಪರಿಹಾರ ಆಕಾರ ದೊಡ್ಡದು ಮಾಡುವುದು. ಒಳಗೆ ಪೊಳ್ಳಾದ ಅಗಲ ತೊಲೆ ಮಾಡಿದರೆ ತೂಕ ಅಷ್ಟಾಗಿ ಏರದೆ ಬಿಗಿತ ಬಹಳ ಏರುತ್ತದೆ. ಸ್ಟೀರಿಂಗಿನ ಕೊರಳಿನಿಂದ ಹಿಂದಿನ ಚಕ್ರದ ಕೀಲಿನವರೆಗೆ ನೇರವಾಗಿ ಎರಡು ತೊಲೆ ಇಟ್ಟದ್ದು ಹೀಗೆ. ಕೊಳವೆಯಾಗಿದ್ದ ಫ್ರೇಮಿಗೆ ಮುಖ ಬಂತು. ಮುಖ ಬಂದ ಮೇಲೆ ಅದನ್ನು ಕನ್ನಡಿ ಮಾಡುವ ಆಸೆಯೂ ಬಂತು.

ಇಲ್ಲೊಂದು ಎಚ್ಚರ ಇದೆ. ಉಕ್ಕಿಗೆ ಒಂದು ಮಿತಿಯಿದೆ: ಅದಕ್ಕಿಂತ ಕಡಿಮೆ ಹೊರೆಯಲ್ಲಿ ಎಷ್ಟು ಲಕ್ಷ ಸಲ ಅಲುಗಾಡಿಸಿದರೂ ದಣಿದು ಮುರಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಮೈಮೇಲಿನ ಗೀರಿನಿಂದ, ವೆಲ್ಡಿಂಗಿನ ಅಂಚಿನಿಂದ. ಆದ್ದರಿಂದ ಗೀರು ತೆಗೆದು ನುಣುಪು ಮಾಡುವುದು ಒಳ್ಳೆಯದೇ. ಆದರೆ ಚಂದ ಕಾಣಲೆಂದು ವೆಲ್ಡಿಂಗಿನ ಗಂಟನ್ನು ತೇಯ್ದು ಸಪಾಟು ಮಾಡಿದರೆ ಬೈಕಿನ ಎಲುಬನ್ನೇ ತೇಯ್ದ ಹಾಗೆ. ಹುಡುಗ ತಂದಿದ್ದ ಡ್ರಿಲ್ಲಿಗೆ ಈ ಎರಡರ ಭೇದ ಗೊತ್ತಾಗುವುದಿಲ್ಲ.

ಕುರಂದ ಎಂಬ ಹಳೆಯ ನಂಟ

ಅಲ್ಯೂಮಿನಿಯಂ ಕಿಲುಬಾಗುವುದಿಲ್ಲ ಎನ್ನುತ್ತೇವೆ. ನಿಜವಾಗಿ ಅದು ಗಾಳಿಗೆ ಬಿದ್ದ ಕ್ಷಣವೇ ಆಕ್ಸೈಡ್ ಆಗುತ್ತದೆ. ಆ ಪದರ ಕೆಲವೇ ನ್ಯಾನೋಮೀಟರ್ ದಪ್ಪ, ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಆದರೆ ಗಟ್ಟಿ, ಬಿಗಿ. ಅದೇ ಒಳಗಿನ ಲೋಹವನ್ನು ಕಾಯುವುದು. ಸಮುದ್ರದ ಉಪ್ಪು ಆ ಪದರವನ್ನು ಅಲ್ಲಲ್ಲಿ ತೂತು ಮಾಡಿ ಗುಳಿ ತೋಡುತ್ತದೆ. ಸೋಡಾ, ಸುಣ್ಣದಂಥ ಕ್ಷಾರಗಳು ಅದನ್ನು ಕರಗಿಸಿಯೇ ಬಿಡುತ್ತವೆ. ಜರ್ಮನ್ ಪಾತ್ರೆಗೆ ಸೋಡಾ ಹಾಕಿದರೆ ಕಪ್ಪಾಗುತ್ತದೆ ಎಂದು ಅಜ್ಜಿ ಬೈಯುತ್ತಿದ್ದದ್ದರ ಹಿಂದೆ ಇದೇ ರಸಾಯನಶಾಸ್ತ್ರ ಇತ್ತು. ಬೈಕು ತೊಳೆಯಲು ಕಾಸ್ಟಿಕ್ ಬಳಸುವವರು ಇದನ್ನು ನೆನಪಿಡಬೇಕು.

ಅಲ್ಯೂಮಿನಿಯಂ ಆಕ್ಸೈಡು ಹರಳುಗಟ್ಟಿ ಕಲ್ಲಾಗಿ ಸಿಕ್ಕರೆ ಅದರ ಹೆಸರು ಕೊರಂಡಮ್. ವಜ್ರ ಬಿಟ್ಟರೆ ಗಟ್ಟಿತನದಲ್ಲಿ ಮುಂದಿನ ಸಾಲಿನದು. ಅದರಲ್ಲಿ ಚೂರು ಬಣ್ಣ ಬೆರೆತರೆ ಮಾಣಿಕ್ಯ, ನೀಲ. ಆ ಇಂಗ್ಲಿಷ್ ಹೆಸರು ಹೋದದ್ದು ದಕ್ಷಿಣ ಭಾರತದಿಂದ. ತಮಿಳಿನ ಕುರುಂದಂ, ತೆಲುಗಿನ ಕುರುವಿಂದಂ, ಸಂಸ್ಕೃತದ ಕುರುವಿಂದ ಎಲ್ಲ ಒಂದೇ ಬಳಗ. ಮೈಸೂರು ಸೀಮೆಯಲ್ಲೂ ಈ ಕಲ್ಲು ಸಿಗುತ್ತಿತ್ತು. ಅದನ್ನು ಪುಡಿಮಾಡಿ ಅರಗಿನಲ್ಲಿ ಕಲಸಿ ಚಕ್ರ ಮಾಡಿದರೆ ಸಾಣೆ. ಕತ್ತಿಗೆ ಹರಿತ, ಹರಳಿಗೆ ಹೊಳಪು ಕೊಟ್ಟದ್ದು ಅದು.

ನಾವಿಂದು ಅಂಗಡಿಯಲ್ಲಿ ಕೊಳ್ಳುವ ಎಮರಿ ಕಾಗದದ ಮೇಲೆ ಅಂಟಿರುವುದೂ ಹೆಚ್ಚಾಗಿ ಇದೇ ಅಲ್ಯೂಮಿನಿಯಂ ಆಕ್ಸೈಡು, ಇಲ್ಲವೆ ಸಿಲಿಕಾನ್ ಕಾರ್ಬೈಡು. ಮರಗೆಲಸದವರ ಉಪ್ಪುಕಾಗದ ನೀರಿಗೆ ಬಿದ್ದರೆ ಬಿಚ್ಚಿಹೋಗುತ್ತದೆ. ನೀರಿನಲ್ಲಿ ಅದ್ದಿ ಉಜ್ಜಬಹುದಾದ ಕಾಗದ ಅಮೆರಿಕದಲ್ಲಿ 1921ರಲ್ಲಿ ಮಾರುಕಟ್ಟೆಗೆ ಬಂತು. ಮೋಟಾರಿನ ಬಣ್ಣ ಉಜ್ಜುವವರು ಧೂಳು ಕುಡಿಯುವುದು ಕಡಿಮೆಯಾಗಲಿ ಎಂಬುದೂ ಅದರ ಒಂದು ಕಾರಣ. ಅಪ್ಪ ಹುಡುಗನಿಗೆ ಮೊದಲು ನೀರು ತರಲು ಹೇಳಿದ್ದು ಆ ಕಾರಣಕ್ಕೇ.

ಹೊಳಪಿನ ಧೂಳು

ಬಫ್ ಎಂದರೆ ಬಟ್ಟೆಯ ಅಥವಾ ಕತ್ತಾಳೆ ನಾರಿನ ಪದರಗಳನ್ನು ಒತ್ತಿ ಹೊಲಿದ ಚಕ್ರ. ಮೋಟಾರಿಗೆ ಸಿಕ್ಕಿಸಿ ತಿರುಗಿಸಿ, ಅದಕ್ಕೆ ಮಸಾಲೆ ಎನ್ನುವ ಮೇಣದ ಕಡ್ಡಿ ಒತ್ತಿ, ಪಾತ್ರೆಯನ್ನು ಅದರ ಮೇಲೆ ಹಿಡಿಯಬೇಕು. ಆ ಮಸಾಲೆಯ ಕೆಲವು ಬಗೆಗಳಲ್ಲಿ ಇರುವುದು ನುಣ್ಣಗಿನ ಸಿಲಿಕಾ. ಸಂಜೆಗೆ ಮನುಷ್ಯ ಕಪ್ಪಾಗಿ, ಕಣ್ಣು ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದರು. ಅಪ್ಪ ಬಾಯಿಗೆ ಕಟ್ಟಿಕೊಳ್ಳುತ್ತಿದ್ದದ್ದು ಒಂದು ಪಂಚೆಯ ತುಂಡು. ಊಟಕ್ಕೆ ಮುಂಚೆ ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಶ್ವಾಸಕೋಶಕ್ಕೆ ಇಳಿದ ಸಿಲಿಕಾ ಬೆಲ್ಲಕ್ಕೆ ಹೊರಬರುವುದಿಲ್ಲ. ಅದು ಅಲ್ಲಿಯೇ ಕೂತು ಸುತ್ತಲಿನ ಮಾಂಸವನ್ನು ಗಟ್ಟಿ ಮಾಡುತ್ತದೆ.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು. ಆದರೆ ಅದೇ ಕಾಯ್ದೆ ಕಾರ್ಖಾನೆ ಎಂದು ಕರೆದದ್ದು ವಿದ್ಯುತ್ ಬಳಸಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗವನ್ನು. ಅಪ್ಪ ದುಡಿದ ಗಾಳೆಯಲ್ಲಿ ಇದ್ದದ್ದು ಏಳು ಜನ. ಜತೆಗಿದ್ದ ಆರು ಜನರಲ್ಲಿ ಈಗ ಒಬ್ಬರೇ ಇದ್ದಾರೆ, ಉತ್ತರಪ್ರದೇಶದ ತಮ್ಮ ಊರಿನಲ್ಲಿ. ದೀಪಾವಳಿಗೆ ಫೋನ್ ಮಾಡುತ್ತಾರೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಅತ್ತ ಕಡೆಯ ಕೆಮ್ಮು ಕೇಳಿಸುತ್ತದೆ.

ಅಲ್ಯೂಮಿನಿಯಂ ಧೂಳಿಗೆ ಇನ್ನೊಂದು ಗುಣವಿದೆ. ಆಮ್ಲಜನಕವನ್ನು ಬಿಡಲೊಲ್ಲದ ಲೋಹ ಎಂದೆನಲ್ಲ, ನುಣ್ಣಗೆ ಪುಡಿಯಾಗಿ ಗಾಳಿಯಲ್ಲಿ ತೇಲಿದಾಗ ಕಿಡಿ ಸಿಕ್ಕರೆ ಅದು ಒಮ್ಮೆಲೇ ಉರಿಯುತ್ತದೆ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹೀಗೆ ಧೂಳು ಸಿಡಿಯಿತು. 146 ಮಂದಿ ಸತ್ತರು. ಧೂಳು ಎಳೆಯುವ ಕೊಳವೆಗಳನ್ನು ಕಾಲಕಾಲಕ್ಕೆ ಶುಚಿ ಮಾಡಿರಲಿಲ್ಲ. ಸತ್ತವರು ಉಜ್ಜುತ್ತಿದ್ದದ್ದು ಯಾರದೋ ಕಾರಿನ ಚಕ್ರ ಮಿರುಗಲಿ ಎಂದು.

ಮನೆಯ ಪಾರ್ಕಿಂಗಿನಲ್ಲಿ ಒಂದು ಬೈಕು ಉಜ್ಜಿದರೆ ಇಷ್ಟೆಲ್ಲ ಆಗುವುದಿಲ್ಲ, ನಿಜ. ಆದರೆ ಡ್ರಿಲ್ಲಿಗೆ ಚಕ್ರ ಸಿಕ್ಕಿಸಿ, ಮೂಗಿಗೆ ಏನೂ ಕಟ್ಟದೆ, ಗಾಳಿಯಾಡದ ಮೂಲೆಯಲ್ಲಿ ಕೂತು ಪ್ರತಿ ವಾರ ಮಾಡುವವನಿಗೆ ಆಗುವುದು ಆಗಿಯೇ ತೀರುತ್ತದೆ. ಮೇಲಾಗಿ ನಮ್ಮ ಪಾರ್ಕಿಂಗಿನಲ್ಲಿ ಮಕ್ಕಳು ಆಡುತ್ತಾರೆ.

ನಾಲ್ಕು ಭಾನುವಾರ

ಹುಡುಗ ನೀರು ತಂದ. ಮೊದಲ ಭಾನುವಾರ ಉಜ್ಜುವ ಕೆಲಸವೇ ಇರಲಿಲ್ಲ. ಅಪ್ಪ ಅವನಿಂದ ಫ್ರೇಮಿನ ಮೇಲೆ ಕೆತ್ತಿದ ನಂಬರು ಹುಡುಕಿಸಿದರು. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿಸಿ, ಆರ್‌ಟಿಒದಲ್ಲಿ ಕೇಳುವ ಹಾಗೆ ಪ್ರಿಂಟ್ ತೆಗೆಸಿ, ಆರ್‌ಸಿ ಜತೆ ಹೊಂದಿಸಿ ನೋಡಿಸಿದರು. ಆಮೇಲೆ ಅಲ್ಲಿಗೆ ಎರಡು ಪದರ ಟೇಪು ಅಂಟಿಸಿದರು. ನಂಬರು ಅಳಿದ ಬೈಕು ಎಷ್ಟು ಹೊಳೆದರೂ ಕಾನೂನಿನ ಕಣ್ಣಿಗೆ ಕಳವಿನ ಮಾಲೇ. ಉಕ್ಕಿನ ಮೇಲಿನ ಅಂಕಿ ಆಳವಾಗಿರುತ್ತದೆ, ಗಟ್ಟಿ. ಅಲ್ಯೂಮಿನಿಯಂ ಮೆತ್ತಗೆ, 400ರ ಕಾಗದ ಹಿಡಿದು ಅರ್ಧ ತಾಸು ಮೈಮರೆತರೆ ಅಂಕಿ ಮಸುಕಾಗುತ್ತದೆ. ನಮ್ಮ ಜಾವಾದ ಎಂಜಿನ್ ನಂಬರಿನಲ್ಲಿ ಒಂದು ಅಂಕಿ 3ೋ 8ೋ ಎಂದು ಅನುಮಾನ ಬರುವ ಹಾಗಾಗಿರುವುದು ನಾನು ಇಪ್ಪತ್ತರ ಹುಡುಗನಾಗಿದ್ದಾಗ ಮಾಡಿದ ಕೆಲಸ. ಅದಕ್ಕೆ ಅಪ್ಪ ಇಂದಿಗೂ ಆ ಜಾಗಕ್ಕೆ ನನ್ನನ್ನು ಬಿಡುವುದಿಲ್ಲ.

ನಂತರ ವೆಲ್ಡಿಂಗಿನ ಗಂಟುಗಳ ಮೇಲೆ ಟೇಪು. ಉಳಿದ ಕಡೆ ಪೇಂಟ್ ರಿಮೂವರ್ ಹಚ್ಚಿ ಹಳೆಯ ವಾರ್ನಿಶ್ ಎಬ್ಬಿಸಿದ್ದಾಯಿತು. ಬಾಯಿಗೆ ಮಾಸ್ಕು, ಕೈಗೆ ರಬ್ಬರ್ ಗ್ಲೌಸು.

ಎರಡನೇ ಭಾನುವಾರ 400. ಕಾಗದವನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ರಬ್ಬರಿನ ತುಂಡಿಗೆ ಸುತ್ತಿ, ತೊಲೆಯ ಉದ್ದಕ್ಕೆ ಮಾತ್ರ ಉಜ್ಜಬೇಕು. ಬೆರಳಿನಿಂದ ನೇರ ಒತ್ತಿದರೆ ಬೆರಳಿನಷ್ಟಗಲ ತಗ್ಗು ಬೀಳುತ್ತದೆ. ಹೊಳಪು ಬಂದ ಮೇಲೆ ಆ ತಗ್ಗು ಅಲೆಯ ಹಾಗೆ ಕಾಣುತ್ತದೆ. ಮುಂದಿನ 600ಕ್ಕೆ ದಿಕ್ಕು ಬದಲಿಸಿ ಅಡ್ಡ ಉಜ್ಜಬೇಕು. ಹಿಂದಿನ ಕಾಗದದ ಗೀರುಗಳು ಒಂದೂ ಉಳಿಯದೆ ಹೋಗುವವರೆಗೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಆಮೇಲೆ 800 ಉದ್ದಕ್ಕೆ, 1000 ಅಡ್ಡಕ್ಕೆ, 1500 ಮತ್ತೆ ಉದ್ದಕ್ಕೆ, ಕೊನೆಗೆ 2000.

ಇಷ್ಟು ಮಾಡಿದರೂ ಕನ್ನಡಿ ಕಾಣುವುದಿಲ್ಲ, ಬೂದುಬಣ್ಣದ ಒಂದು ನುಣುಪು ಕಾಣುತ್ತದೆ. ಹುಡುಗ ಇಲ್ಲಿ ಬೇಸತ್ತ. 400ರ ಕಾಗದದ ಹರಳು ಸುಮಾರು 35 ಮೈಕ್ರಾನ್, 2000ದ್ದು ಸುಮಾರು 10. ಬೆಳಕಿನ ಅಲೆ ಅರ್ಧ ಮೈಕ್ರಾನಿನ ಆಸುಪಾಸು. ಗೀರುಗಳು ಅದಕ್ಕಿಂತ ಸಣ್ಣದಾಗುವವರೆಗೆ ಬೆಳಕು ಚೆದುರುತ್ತದೆ, ಬಿಂಬ ಕಾಣುವುದಿಲ್ಲ. ಕೊನೆಯ ಹೆಜ್ಜೆ ಪಾಲಿಶ್ ಪೇಸ್ಟಿನದು, ಹಳೆಯ ಹತ್ತಿ ಬನಿಯನ್ನಿನದು. ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ನಕ್ಷತ್ರ ನೋಡುತ್ತಿರುವ 2.34 ಮೀಟರಿನ ವೈಣು ಬಾಪು ದೂರದರ್ಶಕದ ಗಾಜನ್ನು ಬೆಂಗಳೂರಿನಲ್ಲಿ ಉಜ್ಜಿದ್ದೂ ಇದೇ ತತ್ವದಿಂದ, ಹರಳಿನ ಗಾತ್ರ ಇಳಿಸುತ್ತ. ಆ ಗಾಜಿನ ಮೇಲೆ ಬೆಳಕು ಹಿಂದಿರುಗಿಸಲು ಬಳಿಯುವುದು ತೆಳ್ಳನೆಯ ಅಲ್ಯೂಮಿನಿಯಂ.

ನಾಲ್ಕನೇ ಭಾನುವಾರ ಹನ್ನೊಂದು ಗಂಟೆಗೆ ಎಡಗಡೆಯ ತೊಲೆಯಲ್ಲಿ ಪಾರ್ಕಿಂಗಿನ ಟ್ಯೂಬ್‌ಲೈಟ್ ಕಂಡಿತು. ಆಮೇಲೆ ಹುಡುಗನ ಮುಖ ಕಂಡಿತು. ಅವನು ಫೋಟೋ ತೆಗೆದು, ಅಮ್ಮನನ್ನು ಕೂಗಿ ಕರೆದ. ಅವರು ಬಾಲ್ಕನಿಯಿಂದಲೇ, "ಮನ್ಯಾಗಿನ ಕುಕ್ಕರ್ ಒಂದಿನಾ ಹಿಂಗ ತಿಕ್ಕಿಲ್ಲ ನೀ" ಎಂದರು. ವೆಲ್ಡಿಂಗಿನ ಗಂಟು ಮಾತ್ರ ಮಂಕಾಗಿಯೇ ಇದ್ದವು. ಹೊಳೆಯುವ ತೊಲೆಯ ನಡುವೆ ಅವು ಎದ್ದು ಕಾಣುತ್ತಿದ್ದವು. ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತ ಆ ಗಂಟುಗಳು ಮೂವತ್ತು ವರ್ಷದ ಹಿಂದೆ ಯಾರದೋ ಕೈ ಹಾಕಿದ್ದು. ಅವನ್ನು ಹಾಗೇ ಬಿಟ್ಟದ್ದಕ್ಕೆ ಹುಡುಗನಿಗೆ ಈಗ ಬೇಸರ ಇರಲಿಲ್ಲ.

ಬಲಗಡೆಯ ತೊಲೆ ಇನ್ನೂ ಬಾಕಿ. ಒಂದು ಪದರ ಮೇಣ ಹಚ್ಚಿಟ್ಟರೆ ಖಾಡಿಯ ಗಾಳಿ ಒಂದೆರಡು ತಿಂಗಳು ತಡೆಯುತ್ತದೆ, ಆಮೇಲೆ ಮತ್ತೆ ಬನಿಯನ್ ಹಿಡಿಯಬೇಕು ಎಂದೆ. ಹಾಗಾದರೆ ಕೆಲಸ ಮುಗಿಯುವುದು ಯಾವಾಗ ಎಂದು ಕೇಳಿದ. ನಾನು ಜಾವಾ ಕಡೆ ಕೈ ತೋರಿಸಿದೆ.

ಅಪ್ಪ ನಿಧಾನಕ್ಕೆ ಎದ್ದು ಬಂದು, ಕಣ್ಣು ಮುಚ್ಚಿ, ತೊಲೆಯ ಮೇಲೆ ಅಂಗೈ ಆಡಿಸಿದರು. ಗಾಳೆಯಲ್ಲಿ ಪಾತ್ರೆ ಪಾಸಾಯಿತೋ ಇಲ್ಲವೋ ಎಂದು ಅವರು ನೋಡುತ್ತಿದ್ದದ್ದು ಹೀಗೇ, ಧೂಳಿನಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲವಂತೆ. ಕೊರಳಿನ ಹತ್ತಿರ ಕೈ ಒಂದು ಕ್ಷಣ ನಿಂತಿತು.

"ಇಲ್ಲಿ ಆರುನೂರರ ಗೀರ ಉಳದದ," ಎಂದರು. "ಮುಂದಿನ ವಾರ ತಗಿ. ಮತ್ತ ಆ ಕಾಗದ ಒಗೀಬ್ಯಾಡ, ತೊಳದ ಒಣಗಾಕ ಹಾಕು. ಇನ್ನೂ ಬರ್ತಾವ ಅವು."